ಚಿತ್ರದುರ್ಗದ ಕೋಟೆ: ಗಾರೆಯಿಲ್ಲದ ಗೋಡೆ, ಬೆಟ್ಟದ ಮೇಲಿನ ನೀರು

ಪ್ರಶ್ನೆ:
ಕಳೆದ ವಾರ ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಎರಡು ದಿನ ನಿಧಾನವಾಗಿ ನೋಡಿದೆ. ಹೆಬ್ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕಲ್ಲಿನ ಮೂಲೆಯನ್ನು ಕಚ್ಚುಕೊಟ್ಟು ಕಡಿದು, ಪಕ್ಕದ ಕಲ್ಲನ್ನು ಅದರೊಳಗೆ ಕೂರಿಸಿದ್ದಾರೆ. ನಡುವೆ ಗಾರೆಯ ಗುರುತೇ ಇಲ್ಲ. ಇಷ್ಟು ಕಲ್ಲನ್ನು ಎಲ್ಲಿಂದ ತಂದರು? ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಬೆಟ್ಟದ ಮೇಲಿನ ದಂಡಿಗೆ ನೀರು ಹೇಗೆ ಒದಗುತ್ತಿತ್ತು? ಇದೆಲ್ಲವನ್ನೂ ಮದಕರಿ ನಾಯಕನೇ ಕಟ್ಟಿಸಿದನೇ?

ಉತ್ತರ 1:
ಕಲ್ಲು ಬಹುಪಾಲು ಅದೇ ಬೆಟ್ಟದ್ದು. ಬಂಡೆಗಳ ಮೈಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿರುವ ಗುಳಿಗಳನ್ನು ನೀವು ಕಂಡಿರಬಹುದು; ಅವು ಬೆಣೆ ಬಡಿದು ಬಂಡೆ ಸೀಳಲು ಕೊರೆದವು. ಹೀಗೆ ಸೀಳಿದ ಕಲ್ಲುಗಳು ತಮ್ಮ ಭಾರದಿಂದಲೇ ಒಂದನ್ನೊಂದು ಹಿಡಿದು ನಿಂತಿವೆ. ನನಗೆ ಅದಕ್ಕಿಂತ ದೊಡ್ಡ ಜಾಣ್ಮೆಯಾಗಿ ಕಾಣುವುದು ಗೋಡೆ ಸಾಗುವ ದಾರಿ: ಒಂದು ಹೆಬ್ಬಂಡೆಯಿಂದ ಇನ್ನೊಂದಕ್ಕೆ ಹಾಯುತ್ತ, ಬಂಡೆಯಿರುವಲ್ಲಿ ಅದನ್ನೇ ಕೋಟೆಯಾಗಿಸಿಕೊಂಡು, ಸಂದು ಇರುವಲ್ಲಿ ಮಾತ್ರ ಕಟ್ಟಡ ಏಳುತ್ತದೆ. ಬಾಗಿಲುಗಳ ದಾರಿ ನೇರವಾಗಿರದೆ ತಿರುವು ತಿರುವಾಗಿರುವುದರಿಂದ, ಆನೆಗೆ ಓಡಿಬಂದು ಕದಕ್ಕೆ ಗುದ್ದುವಷ್ಟು ಜಾಗ ಸಿಗುತ್ತಿರಲಿಲ್ಲ.

ಉತ್ತರ 2:
ನೀರಿನ ಬಗ್ಗೆ ಹೇಳುತ್ತೇನೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಆ ಹರಿವನ್ನೇ ಅವರು ಹಿಡಿದರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ ಸೇರುವಂತೆ ಏರ್ಪಾಡಿತ್ತು. ಒನಕೆ ಓಬವ್ವನ ಕಿಂಡಿಯ ಸಮೀಪದ ತಣ್ಣೀರು ದೋಣಿಯನ್ನೂ ನೋಡಿ. ನೀರು ತರಲು ಓಬವ್ವ ಹೋದದ್ದು ಅಲ್ಲಿಗೇ ಎಂದು ಜನ ಹೇಳುತ್ತಾರೆ.

ಉತ್ತರ 3:
ಕೋಟೆ ಒಬ್ಬರ ಕಾಲದ್ದಲ್ಲ. ಹೊಯ್ಸಳರ ಕಾಲದಲ್ಲಿ ಬೆಮ್ಮತ್ತನಕಲ್ಲು ಎನಿಸಿದ್ದ ಈ ಬೆಟ್ಟ 1568ರಲ್ಲಿ, ವಿಜಯನಗರದ ಅರಸರ ಕೆಳಗೆ ತಿಮ್ಮಣ್ಣ ನಾಯಕನ ಕೈಗೆ ಬಂತು. ಅವನ ನಂತರದ ಪಾಳೆಯಗಾರರು ತಲೆಮಾರುಗಳ ಕಾಲ ಬಲಪಡಿಸಿದ್ದನ್ನು, 1754ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಮದಕರಿ ನಾಯಕ 1779ರಲ್ಲಿ ಹೈದರಾಲಿಗೆ ಕಳೆದುಕೊಂಡು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಯಿತು. ಮುಂದಿನ ಸಲ ಮೇಲೆ ಹೋದಾಗ ಮಣ್ಣಿನ ಗೋಡೆಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಕಲ್ಲಿನ ಕೋಟೆಗೆ ಮರುಳಾದವರು ಅವನ್ನು ದಾಟಿ ಹೋಗುತ್ತಾರೆ; ಆದರೆ ಆಳರಸರ ವಾಸದ, ಆಡಳಿತದ ಕಟ್ಟಡಗಳಲ್ಲಿ ಉಳಿದಿರುವುದು ಬಹುಮಟ್ಟಿಗೆ ಸೂರಿಲ್ಲದೆ ಮಳೆಗೆ ನಿಂತಿರುವ ಆ ಗೋಡೆಗಳೇ.