ಪದಚರ್ಚೆ: ನೆನೆಸಿ, ನೊರೆ ಹಚ್ಚಿ, ನಿಧಾನವಾಗಿ ಗಡ್ಡ ಹೆರೆಯುವುದಕ್ಕೆ ಹೆಸರು ಬೇಕು

ಪದಚರ್ಚೆಯ ಗೆಳೆಯರಿಗೆ ನಮಸ್ಕಾರ.

ಬಿಸಿನೀರಿನಲ್ಲಿ ಗಡ್ಡ ನೆನೆಸಿ, ಬ್ರಶ್ಶಿನಿಂದ ಸಾಬೂನಿನ ನೊರೆ ಎಬ್ಬಿಸಿ, ಒಂದೇ ಬ್ಲೇಡಿನ ರೇಜರ್ ಹಿಡಿದು ಇಪ್ಪತ್ತು ನಿಮಿಷ ಕನ್ನಡಿಯ ಮುಂದೆ ನಿಲ್ಲುವುದು ನನ್ನ ಹಲವು ವರ್ಷಗಳ ರೂಢಿ. ಇಡೀ ದಿನದಲ್ಲಿ ಯಾರಿಗೂ ಉತ್ತರ ಹೇಳಬೇಕಿಲ್ಲದ ಹೊತ್ತು ಅದೊಂದೇ. ಅದರ ಬಗ್ಗೆ ಬರೆಯೋಣವೆಂದು ಕುಳಿತವನು ಮೊದಲ ಸಾಲಿನಲ್ಲೇ ತಡೆದು ನಿಂತೆ. ಇದನ್ನು ಕನ್ನಡದಲ್ಲಿ ಏನೆಂದು ಕರೆಯುವುದು?

ಇಂಗ್ಲಿಷಿನವರು ‘ವೆಟ್ ಶೇವಿಂಗ್’ ಎನ್ನುತ್ತಾರೆ. ‘ಒದ್ದೆ ಕ್ಷೌರ’ ಎಂದು ಬರೆದು ಹೊಡೆದುಹಾಕಿದೆ. ಒದ್ದೆಯಾಗುವುದು ಬಟ್ಟೆ, ನೆಲ, ಮಳೆಗೆ ಸಿಕ್ಕ ತಲೆ. ಬೇಡದ ಕಡೆ ನೀರು ತಾಗಿದ ಭಾವ ಆ ಮಾತಿನಲ್ಲಿದೆ. ‘ಹಸಿ ಕ್ಷೌರ’ ಇನ್ನೂ ಕಷ್ಟ. ಕೆನ್ನೆಯ ಪಕ್ಕದಲ್ಲಿ ‘ಹಸಿ’ ಎಂದೊಡನೆ ನನಗೆ ನೆನಪಾಗುವುದು ಹಸಿ ಗಾಯ.

‘ಕ್ಷೌರ’ವನ್ನೇ ನೋಡೋಣ. ಸಂಸ್ಕೃತದ ‘ಕ್ಷುರ’ ಎಂದರೆ ಹರಿತವಾದ ಕತ್ತಿ. ಕಠೋಪನಿಷತ್ತಿನ ‘ಕ್ಷುರಸ್ಯ ಧಾರಾ’ ಎಂಬಲ್ಲಿ ಇರುವುದು ಅದೇ. ಗ್ರೀಕಿನ ‘ಕ್ಸುರೋನ್’ ಅದರ ನೆಂಟ. ನಮ್ಮ ಚೂರಿಯೂ ಪ್ರಾಕೃತದ ದಾರಿ ಹಿಡಿದು ಅದೇ ಮನೆಯಿಂದ ಬಂದದ್ದು. ಹೀಗೆ ‘ಕ್ಷೌರ’ ಹುಟ್ಟಿದ್ದು ಕತ್ತಿಯ ಕಡೆಯಿಂದ. ಸಾಲದ್ದಕ್ಕೆ ತಲೆಗೂದಲು ಕತ್ತರಿಸಿದರೂ ಕ್ಷೌರವೇ. ನನ್ನ ಸಂತೋಷವಾದರೋ ಬಹುಪಾಲು ನೀರಿನಲ್ಲಿ, ನೊರೆಯಲ್ಲಿ ಇದೆ. ಆ ಕಡೆಯಿಂದ ಹುಟ್ಟಿದ ಹೆಸರು ಬೇಕು.

ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಗಡ್ಡ ಬೋಳಿಸು’. ಬೋಳು ಎಂದರೆ ಇದ್ದದ್ದು ಹೋಗಿ ಉಳಿದದ್ದು: ಬೋಳು ಮರ, ಬೋಳು ಗುಡ್ಡ. ಮೋಸ ಹೋದವನನ್ನೂ ‘ನುಣ್ಣಗೆ ಬೋಳಿಸಿದರು’ ಎನ್ನುತ್ತೇವೆ. ಆ ಬೇರಿನ ಮಾತು ಹೆಣ್ಣುಮಕ್ಕಳನ್ನು ಎಷ್ಟು ನೋಯಿಸಿದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ‘ಹಜಾಮತಿ’ಯ ಮೂಲ ಅರಬಿ, ಅಲ್ಲಿ ಅದು ಮೈಗೆ ಬಟ್ಟಲು ಕವುಚಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸೆಯ ಹೆಸರು, ಆ ಚಿಕಿತ್ಸೆ ಮಾಡುತ್ತಿದ್ದವರೂ ಕ್ಷೌರಿಕರೇ. ಕತೆ ಸ್ವಾರಸ್ಯವಾಗಿದ್ದರೂ ಆ ಮಾತನ್ನು ಒಂದು ಸಮುದಾಯದ ಮೇಲೆ ಬೈಗುಳವಾಗಿ ಎಸೆದಿದ್ದಾರೆ. ನಾನದನ್ನು ಮುಟ್ಟುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ‘ಹೆರೆ’. ಮರದ ಮೇಲ್ಮೈಯನ್ನು ನಯಗೊಳಿಸುವಾಗ ತೆಳ್ಳಗೆ ಎತ್ತುವ ಕೆಲಸಕ್ಕೆ ಹೇಳುವ ಮಾತು. ರೇಜರ್ ಮಾಡಬೇಕಾದದ್ದೂ ಅಷ್ಟೇ. ಒತ್ತಬಾರದು, ರೇಜರಿನ ತೂಕವನ್ನೇ ಕೆಲಸ ಮಾಡಲು ಬಿಡಬೇಕು, ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಕೈ ಒತ್ತಿದ ಕ್ಷಣವೇ ‘ಹೆರೆ’ ಹೋಗಿ ‘ಕೆರೆ’ ಆಗುತ್ತದೆ. ಒಂದಕ್ಷರದ ಈ ವ್ಯತ್ಯಾಸವನ್ನು ನನ್ನ ಕುತ್ತಿಗೆ ಚೆನ್ನಾಗಿ ಬಲ್ಲದು.

ಸಲಕರಣೆ ಬದಲಾದಂತೆ ಮಾತು ಸವೆಯುವುದನ್ನೂ ಇಲ್ಲಿ ಕಾಣಬಹುದು. ಮಡಚುವ ಕತ್ತಿಯಿದ್ದಾಗ ಮಸೆಯುವುದು, ಸಾಣೆ ಹಿಡಿಯುವುದು, ಚರ್ಮದ ಪಟ್ಟಿಗೆ ತೀಡುವುದು, ಹದ, ಮೊಂಡು, ಬಾಯಿ ಎಲ್ಲವೂ ದಿನಬಳಕೆಯ ಮಾತುಗಳು. 1904ರಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದ ರೇಜರಿನಲ್ಲಿ ಬ್ಲೇಡು ತೆಳ್ಳಗಾಯಿತು, ಎರಡು ಬಾಯಿಯದಾಯಿತು, ಬಳಸಿ ಎಸೆಯುವಂಥದ್ದಾಯಿತು. ಇಂದು ನಾನು ಕೊಳ್ಳುವ ಬ್ಲೇಡು 0.1 ಮಿಲಿಮೀಟರ್ ದಪ್ಪವಿದೆ. ಎಸೆಯುವುದನ್ನು ಯಾರು ಮಸೆಯುತ್ತಾರೆ? ಮಸೆಯುವುದು ನಿಂತ ಮೇಲೆ ಆ ಮಾತುಗಳೂ ಸ್ನಾನದ ಮನೆಯಿಂದ ಹೊರಟುಹೋದವು.

‘ಹದ’ ಮಾತ್ರ ಹೋಗಿಲ್ಲ, ಕತ್ತಿಯನ್ನು ಬಿಟ್ಟು ನೊರೆಗೆ ಬಂದು ಸೇರಿಕೊಂಡಿದೆ. ಒದ್ದೆ ಬ್ರಶ್ಶನ್ನು ಸಾಬೂನಿನ ಮೇಲೆ ಅರ್ಧ ನಿಮಿಷ ಆಡಿಸಿ ಬಟ್ಟಲಿಗೆ ತಂದರೆ ಮೊದಲು ಏಳುವುದು ದೊಡ್ಡ ಗುಳ್ಳೆಗಳ ರಾಶಿ. ಊದಿದರೆ ಹಾರುತ್ತದೆ, ಕಿವಿಗೊಟ್ಟರೆ ಚಿಟಿಚಿಟಿ ಒಡೆಯುತ್ತದೆ. ಹನಿಹನಿಯಾಗಿ ನೀರು ಕೊಡುತ್ತ ಕಡೆಯುತ್ತಿದ್ದಂತೆ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ, ಸದ್ದು ಅಡಗುತ್ತದೆ, ಮೇಲೆ ಹೊಳಪು ಕೂಡುತ್ತದೆ. ಬ್ರಶ್ಶನ್ನು ಎತ್ತಿದರೆ ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಬಾಗಿ ನಿಲ್ಲುತ್ತದೆ. ಒಂದು ಹನಿ ಹೆಚ್ಚಾದರೆ ಇಳಿದುಹೋಯಿತು; ಕಡಿಮೆಯಾದರೆ ಕೆನ್ನೆಯ ಮೇಲೆ ಒಣಗಿ ಬಿರಿಯಿತು. ಮೊದಲಿನದನ್ನು ನಾನು ‘ಬುರುಗು’ ಎಂದೂ ಕೊನೆಯದನ್ನು ‘ನೊರೆ’ ಎಂದೂ ಬೇರೆ ಮಾಡಿ ಹೇಳುತ್ತೇನೆ. ನಿಘಂಟುಗಳು ಎರಡನ್ನೂ ಒಂದೇ ಎಂಬಂತೆ ಕೊಡುತ್ತವೆ. ನಿಮ್ಮ ಕಿವಿಗೆ ಈ ವ್ಯತ್ಯಾಸ ಕೇಳುತ್ತದೆಯೇ?

ಇನ್ನು ಕೂದಲಿನ ದಿಕ್ಕು. ಇದಕ್ಕೆ ಪದವಿಲ್ಲವೆಂದು ಬಹಳ ದಿನ ಪೇಚಾಡಿದ್ದೆ. ಹೋದ ವರ್ಷ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಹಾಕಿಸಿಕೊಂಡು ಕುಳಿತ ನನ್ನ ಗಡ್ಡವನ್ನು ಮಗಳು ತೆಗೆದಳು. ಹತ್ತೊಂಬತ್ತರ ಹುಡುಗಿ, ಅದುವರೆಗೆ ರೇಜರಿನಿಂದ ಯಾರ ಮುಖವನ್ನೂ ಮುಟ್ಟಿದವಳಲ್ಲ. ಎಡಗೈಯಿಂದ ನನ್ನ ಗಲ್ಲ ಎತ್ತಿ ಹಿಡಿದು, ಬೆರಳಿನಿಂದ ಕುತ್ತಿಗೆ ಸವರಿ ಹೇಳಿದಳು: “ಅಪ್ಪಾ, ಕೆನ್ನೆಯಲ್ಲಿ ಕೂದಲು ಕೆಳಕ್ಕೆ ಮಲಗಿದೆ. ಇಲ್ಲಿ ಅಡ್ಡಕ್ಕೆ ಮಲಗಿದೆ. ಇಲ್ಲೊಂದು ಸುಳಿಯೇ ಇದೆ ನೋಡಿ.” ಮೂವತ್ತು ವರ್ಷ ಅದೇ ಜಾಗದಲ್ಲಿ ಚರ್ಮ ಉರಿಸಿಕೊಂಡವನಿಗೆ ಅಲ್ಲಿ ಸುಳಿ ಇದೆಯೆಂದು ಗೊತ್ತಿರಲಿಲ್ಲ. ಕೂದಲು ‘ಮಲಗಿದ ಕಡೆಗೆ’ ಒಂದು ಸುತ್ತು, ಮತ್ತೆ ನೊರೆ ಹಚ್ಚಿ ‘ಅಡ್ಡ’ ಒಂದು ಸುತ್ತು, ಚರ್ಮ ತಾಳುವುದಾದರೆ ‘ಎದುರಿಗೆ’ ಒಂದು ಸುತ್ತು. ಇವಕ್ಕಿಂತ ಒಳ್ಳೆಯ ಮಾತುಗಳು ನನಗೆ ಬೇಡ.

ಅದೇ ದಿನ ಹೊಳೆದದ್ದು ‘ಕೊಳ್ಳು’ವಿನ ವಿಚಾರ. ನಾನೇ ಮಾಡಿದರೆ ‘ಗಡ್ಡ ತೆಗೆದುಕೊಂಡೆ’, ಮಗಳು ಮಾಡಿದ್ದಕ್ಕೆ ‘ಗಡ್ಡ ತೆಗೆಸಿಕೊಂಡೆ’. ಎರಡರಲ್ಲೂ ‘ಕೊಂಡೆ’ ಇದೆ: ಕೆಲಸದ ಫಲ ಬಂದು ಸೇರಿದ್ದು ನನಗೇ. ‘ಶೇವ್ ಮಾಡಿದೆ’ ಎಂದಾಗ ಈ ಒಳಗಿನ ತೃಪ್ತಿ ಬಿಟ್ಟುಹೋಗುತ್ತದೆ. ಇಂಗ್ಲಿಷ್ ಪದ ಬೇಡವೆಂಬ ಹಟ ನನಗಿಲ್ಲ. ‘ಶೇವ್ ಮಾಡಿಕೊಂಡೆ’ ಎಂದಾದರೂ ಬರೆಯೋಣ.

ಕಡೆಗೆ ನನ್ನ ಮನಸ್ಸು ನಿಂತಿರುವುದು ‘ನೆನೆ’ಯ ಮೇಲೆ. ಗಡ್ಡದ ಕೂದಲು ಒಣಗಿದ್ದಾಗ ತುಂಬ ಗಡುಸು. ಎರಡು ಮೂರು ನಿಮಿಷ ಬಿಸಿನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಕಡಿಮೆಯಾಗುತ್ತದೆ. ನೊರೆಯ ಮುಖ್ಯ ಕೆಲಸಗಳಲ್ಲೊಂದು ಆ ನೀರನ್ನು ಆರದಂತೆ ಹಿಡಿದಿಡುವುದು. ಎಲ್ಲ ಸುಖದ ಮೂಲ ನೆನೆಯುವುದರಲ್ಲಿದೆ. ಕನ್ನಡದಲ್ಲಿ ನೆನೆ ಎಂದರೆ ನೀರು ಹೀರುವುದೂ ಹೌದು, ನೆನಪಿಸಿಕೊಳ್ಳುವುದೂ ಹೌದು. ಮೂಲದಲ್ಲಿ ಇವೆರಡೂ ಬೇರೆ. ತಮಿಳಿನಲ್ಲಿ ಇಂದಿಗೂ ಮೊದಲನೆಯದು ‘ನನೈ’, ಎರಡನೆಯದು ‘ನಿನೈ’. ನಮ್ಮಲ್ಲಿಯೂ ಮೊದಲನೆಯದಕ್ಕೆ ‘ನನೆ’ ಎಂಬ ರೂಪವಿತ್ತು. ಎರಡೂ ಒಂದೇ ರೂಪಕ್ಕೆ ಬಂದು ಕೂಡಿದ್ದು ಕನ್ನಡದ ಪುಣ್ಯವೆನ್ನುತ್ತೇನೆ. ಬಿಸಿ ಬಟ್ಟೆಯನ್ನು ಮುಖಕ್ಕೆ ಒತ್ತಿ ಕಣ್ಣು ಮುಚ್ಚಿ ನಿಂತ ಆ ಎರಡು ನಿಮಿಷ ನನ್ನ ಗಡ್ಡವೂ ನೆನೆಯುತ್ತದೆ, ನಾನೂ ನೆನೆಯುತ್ತೇನೆ.

ಕೊರೆಯಿಂದ ಕೊರೆತ ಆದಂತೆ ಹೆರೆಯಿಂದ ‘ಹೆರೆತ’ ಮಾಡಿ, ‘ನೆನೆಹೆರೆತ’ ಅಥವಾ ‘ನೊರೆಹೆರೆತ’ ಎನ್ನಬಹುದೇ? ಎರಡನೆಯದು ಬಾಯಿಗೆ ಸುಲಭ, ಮೊದಲನೆಯದು ಮನಸ್ಸಿಗೆ ಹತ್ತಿರ. ‘ಹೆರಿಗೆ’ಯ ಜೊತೆ ಗೊಂದಲವಾದೀತೇ ಎಂಬ ಅಳುಕೂ ಇದೆ. ‘ಹೆರು’ವಿಗೆ ‘ಹೆತ್ತ’, ‘ಹೆರೆ’ಗೆ ‘ಹೆರೆದ’ ಎಂದು ರೂಪಗಳು ಬೇರೆಯಾಗಿರುವುದರಿಂದ ಆಗಲಾರದು ಎಂದುಕೊಂಡಿದ್ದೇನೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದಕ್ಕೆ ಆಗಲೇ ಹೆಸರಿದ್ದರೆ ನನ್ನ ಎರಡನ್ನೂ ಬಿಟ್ಟುಬಿಡುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಚೆನ್ನಾಗಿ ನೆನೆದ ಗಡ್ಡದ ಮೇಲೆ ಹೊಸ ಬ್ಲೇಡು ಇಳಿಯುವಾಗ ಬರುವ ಸದ್ದು ‘ಕರಕರ’ ಅಲ್ಲ, ಅದು ಒಣ ಗಡ್ಡದ್ದು. ‘ಸರಸರ’ವೂ ಅಲ್ಲ, ಅದರಲ್ಲಿ ಅವಸರವಿದೆ. ಆ ಸದ್ದಿಗೆ ನೀವು ಏನೆನ್ನುತ್ತೀರಿ?