ನಿದ್ದೆಯಲ್ಲಿದ್ದ ಪೇಷಂಟ್ ಕಾಲು ಎಳೆದುಕೊಂಡಿದ್ದು ಹೇಗೆ?

ಗಂಗಾವತಿ ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್:
ಹರ್ನಿಯಾ ಕೇಸ್. ನಿದ್ದೆ ಬರಿಸುವ ಪ್ರೊಪೋಫಾಲ್ ಇಂಜೆಕ್ಷನ್ ಕೊಟ್ಟು, ಉಸಿರಾಟಕ್ಕೆ ಗಂಟಲಲ್ಲಿ ಕೂರುವ ಎಲ್‌ಎಂಎ ಟ್ಯೂಬ್ ಹಾಕಿ, ಸೆವೋಫ್ಲುರೇನ್ ಎಂಬ ಅರಿವಳಿಕೆ ಗ್ಯಾಸ್ ಮೇಲೆ ಇಟ್ಟಿದ್ದರು. ಸ್ನಾಯು ಸಡಿಲಿಸುವ ರಿಲ್ಯಾಕ್ಸಂಟ್ ಇರಲಿಲ್ಲ. ಬ್ಲೇಡ್ ತಾಗಿದ ಕೂಡಲೇ ಪೇಷಂಟ್ ಮೊಣಕಾಲು ಮಡಚಿ ಎಳೆದುಕೊಂಡರು. ಅನಸ್ತೇಷಿಯಾ ಮೇಡಂ ನೋವು ತಗ್ಗಿಸುವ ಫೆಂಟನಿಲ್ ಕೊಟ್ಟು ಗ್ಯಾಸ್ ಡಯಲ್ ಏರಿಸಿದರು. ಸಂಜೆ ವಾರ್ಡಿನಲ್ಲಿ ಕೇಳಿದರೆ, ಏನೂ ಗೊತ್ತಾಗಿಲ್ಲ ಅಂದರು. ಮಿದುಳು ಮಲಗಿದ್ದರೆ ಕಾಲು ಎಳೆದವರು ಯಾರು?

ಬಳ್ಳಾರಿ ಅನಸ್ತೇಷಿಯಾ ಡಾಕ್ಟರ್:
ಬೆನ್ನುಹುರಿ. ನೋವಿಗೆ ಕಾಲು ಎಳೆಯಲು ಮಿದುಳಿನ ಅಪ್ಪಣೆ ಬೇಕಿಲ್ಲ. ಸ್ನಾಯು ನಡೆಸುವ ನರಕೋಶಕ್ಕೆ ಅಲ್ಲೇ ಮೂಗುದಾರ ಹಾಕಿದ ಹಾಗೆ ತಡೆಯುವ ಕೋಶಗಳಿವೆ. ಅವು ಗ್ಲೈಸಿನ್, ಗಾಬಾ ಎಂಬ ತಡೆಯುವ ರಾಸಾಯನಿಕ ಬಿಡುತ್ತವೆ. ಆಗ ನರಕೋಶದ ಬಾಗಿಲು ತೆರೆದು ಕ್ಲೋರೈಡ್ ಒಳಗೆ ಹೋಗುತ್ತದೆ, ನರಕೋಶ ಸುಲಭಕ್ಕೆ ಕೆರಳುವುದಿಲ್ಲ. ಸೆವೋಫ್ಲುರೇನ್, ಐಸೋಫ್ಲುರೇನ್‌ನಂಥ ಗ್ಯಾಸ್‌ಗಳು ಈ ತಡೆಯನ್ನು ಬಲಗೊಳಿಸುತ್ತವೆ, ಜೊತೆಗೆ ಕೆರಳಿಸುವ ಸಂದೇಶವನ್ನೂ ತಗ್ಗಿಸುತ್ತವೆ. ಪ್ರೊಪೋಫಾಲ್ ಮಾತ್ರ ಹೆಚ್ಚಾಗಿ ಗಾಬಾ ದಾರಿಯಲ್ಲೇ ಕೆಲಸ ಮಾಡುತ್ತದೆ.

1993ರಲ್ಲಿ ಆಡುಗಳ ಮೇಲೆ ನಡೆದ ಪ್ರಯೋಗ ನನಗೆ ಬಹಳ ಇಷ್ಟ. ಇಡೀ ದೇಹಕ್ಕೆ ಐಸೋಫ್ಲುರೇನ್ ಹೋದಾಗ, ಚಲನೆ ನಿಲ್ಲಿಸಲು ಸುಮಾರು 1.2 ಶೇಕಡಾ ಸಾಕಾಯಿತು. ಮಿದುಳಿಗೆ ಮಾತ್ರ ಕೊಟ್ಟಾಗ 2.9 ಬೇಕಾಯಿತು! ಅಂದರೆ ನಿದ್ದೆ ತರುವುದು ಮಿದುಳಿನಲ್ಲಿ, ಅಲುಗಾಡದಂತೆ ಹಿಡಿಯುವುದು ಬಹುಪಾಲು ಬೆನ್ನುಹುರಿಯಲ್ಲಿ. ನಿದ್ದೆಗೆ ಕಡಿಮೆ ಗ್ಯಾಸ್ ಸಾಕು, ಎರಡನೆಯದಕ್ಕೆ ಜಾಸ್ತಿ ಬೇಕು. ನಿಮ್ಮ ಪೇಷಂಟ್ ಈ ಎರಡರ ನಡುವೆ ಇದ್ದರು.

ರಾಯಚೂರು ಸಿಸ್ಟರ್:
ಧನುರ್ವಾಯು ಪೇಷಂಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ರೋಗದ ವಿಷ ಬೆನ್ನುಹುರಿಯ ಇದೇ ತಡೆಯುವ ಕೋಶಗಳು ಗ್ಲೈಸಿನ್, ಗಾಬಾ ಬಿಡದಂತೆ ಮಾಡುತ್ತದೆ. ಟ್ರೇ ಸದ್ದಾದರೂ ಸಾಕು, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ, ಅದೇ ಸಂಕಟ. ಅದಕ್ಕೇ ವಾರ್ಡಿನಲ್ಲಿ ದೀಪ ಮಂಕು ಮಾಡಿ, ಮೆಲ್ಲಗೆ ಮಾತಾಡುತ್ತೇವೆ. ಕಾಸರಕ ಬೀಜದ ಸ್ಟ್ರಿಕ್ನಿನ್ ಕೂಡ ಗ್ಲೈಸಿನ್ ಕೆಲಸ ತಡೆದೇ ಸೆಟೆತ ತರುತ್ತದೆ.

ಗಂಗಾವತಿ ಓಟಿ ಟೆಕ್ನಿಷಿಯನ್:
ಹಾಗಾದರೆ ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ನೂ ಹೀಗೇನಾ?

ಬಳ್ಳಾರಿ ಅನಸ್ತೇಷಿಯಾ ಡಾಕ್ಟರ್:
ಅಲ್ಲ. ಅದರಲ್ಲಿ ಕೊಡುವ ಬ್ಯೂಪಿವಕೇನ್ ನರದ ಬೇರುಗಳಲ್ಲಿ ಸೋಡಿಯಂ ದಾರಿ ಮುಚ್ಚುತ್ತದೆ. ನೋವಿನ ಸಂದೇಶ ಒಳಗೇ ಬರುವುದಿಲ್ಲ, ತಾಯಿ ಎಚ್ಚರವಾಗಿ ಮಗುವಿನ ಅಳು ಕೇಳುತ್ತಾಳೆ.

ಇನ್ನೊಂದು ಮಾತು, ದಯವಿಟ್ಟು ಗಮನದಲ್ಲಿಡಿ. ರಿಲ್ಯಾಕ್ಸಂಟ್ ಕೊಟ್ಟ ಕೇಸಿನಲ್ಲಿ ಪೇಷಂಟ್ ಅಲುಗಾಡದಿದ್ದರೆ ನಿದ್ದೆಯಲ್ಲಿದ್ದಾರೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಅದು ಸ್ನಾಯುವನ್ನಷ್ಟೇ ನಿಲ್ಲಿಸುತ್ತದೆ. ಅರಿವಳಿಕೆ ಗ್ಯಾಸ್ ಕೊಡುವ ವೇಪೊರೈಸರ್ ಖಾಲಿಯಾಗುತ್ತಾ ಬಂದದ್ದು ನಿಮ್ಮ ಕಣ್ಣಿಗೆ ಬಿದ್ದರೆ ತಕ್ಷಣ ಜೋರಾಗಿ ಹೇಳಿ.