ಟರ್ಮ್‌ಗೆ ಟಿಕ್ ಹಾಕಿದ್ರೂ ಹ್ಯಾಸ್_ಟರ್ಮ್ ಫಾಲ್ಸ್ ಅನ್ನುತ್ತಿದೆ, ಯಾಕೆ?

ಕಥೆಪೆಟ್ಟಿಗೆ
ವರ್ಡ್‌ಪ್ರೆಸ್‌ನಲ್ಲಿ ಸಾಹಿತ್ಯದ ಸೈಟ್ ಒಂದಕ್ಕೆ ಥೀಮ್ ಬರೆಯುತ್ತಿದ್ದೇನೆ. ‘ಪ್ರಕಾರ’ ಅಂತ ಕಸ್ಟಮ್ ಟ್ಯಾಕ್ಸಾನಮಿ (ನಾನೇ ಮಾಡಿಕೊಂಡ ವರ್ಗೀಕರಣ), ಅದರೊಳಗೆ ಸಣ್ಣ ಕಥೆ, ಪ್ರಬಂಧ, ಕವಿತೆ ಅನ್ನೋ ಟರ್ಮ್‌ಗಳು. ಸಣ್ಣ ಕಥೆ ಆದರೆ ಮಾತ್ರ ಒಂದೇ ಪೋಸ್ಟ್ ತೋರಿಸುವ ಸಿಂಗಲ್.ಪಿಎಚ್‌ಪಿಯಲ್ಲಿ ಒಂದು ಬಾಕ್ಸ್ ತೋರಿಸಬೇಕು. ಇನ್_ಕ್ಯಾಟಗರಿ ಹಾಕಿದೆ, ಬರಲಿಲ್ಲ. ಪೋಸ್ಟಿಗೆ ಆ ಟರ್ಮ್ ಇದೆಯಾ ಅಂತ ನೋಡುವ ಹ್ಯಾಸ್_ಟರ್ಮ್‌ಗೆ ‘ಸಣ್ಣ-ಕಥೆ’ ಅನ್ನೋ ಸ್ಲಗ್ಗನ್ನೂ (ಯುಆರ್‌ಎಲ್‌ನಲ್ಲಿ ಬರುವ ಹೆಸರು) ಟ್ಯಾಕ್ಸಾನಮಿ ಹೆಸರನ್ನೂ ಕೊಟ್ಟೆ, ಅದೂ ಫಾಲ್ಸ್. ಎಡಿಟರ್‌ನಲ್ಲಿ ಟಿಕ್ ಕಣ್ಣಿಗೆ ಕಾಣ್ತಾ ಇದೆ ಮಾರಾಯ್ರೇ!

ಲೂಪಿನೊಳಗೆ
ಇನ್_ಕ್ಯಾಟಗರಿ ನೋಡುವುದು ವರ್ಡ್‌ಪ್ರೆಸ್‌ನದೇ ಕ್ಯಾಟಗರಿಯನ್ನು ಮಾತ್ರ, ಕಸ್ಟಮ್ ಟ್ಯಾಕ್ಸಾನಮಿ ಅದಕ್ಕೆ ಗೊತ್ತೇ ಇಲ್ಲ. ಈಸ್_ಟ್ಯಾಕ್ಸ್ ಕಡೆಗೂ ಹೋಗಬೇಡಿ, ಅದು ಟರ್ಮ್‌ನ ಆರ್ಕೈವ್ (ಪೋಸ್ಟ್‌ಗಳ ಪಟ್ಟಿಯ) ಪುಟದಲ್ಲಿದ್ದೀವಾ ಅಂತ ಕೇಳುತ್ತದೆ, ಅಷ್ಟೇ. ಹ್ಯಾಸ್_ಟರ್ಮ್ ಸರಿಯಾದ ದಾರಿ. ಲೂಪಿನ (ಪೋಸ್ಟ್‌ಗಳನ್ನು ಒಂದೊಂದಾಗಿ ತೋರಿಸುವ ಕೋಡಿನ) ಹೊರಗೆ ಕರೆಯುವುದಾದರೆ ಮೂರನೇ ಆರ್ಗ್ಯುಮೆಂಟ್ ಆಗಿ ಪೋಸ್ಟ್ ಐಡಿ ಕೊಡಿ.

ಸೆಮಿಕೋಲನ್
ತೊಂದರೆ ಇರೋದು ಸ್ಲಗ್‌ನಲ್ಲಿ. ಅಡ್ಮಿನ್ ಪರದೆಯಲ್ಲಿ ಕನ್ನಡದಲ್ಲೇ ಕಾಣುತ್ತದೆ, ಆದರೆ ಡೇಟಾಬೇಸ್‌ನಲ್ಲಿ ಅದು ಪರ್ಸೆಂಟ್ ಚಿಹ್ನೆಗಳ ಉದ್ದನೆ ಸಾಲು. ‘ಕ’ ಒಂದಕ್ಕೇ 9 ಕ್ಯಾರೆಕ್ಟರ್, ಒತ್ತಿಗೂ ಸ್ವರಚಿಹ್ನೆಗೂ ಬೇರೆ ಲೆಕ್ಕ, ಹಾಗಾಗಿ ‘ಸಣ್ಣ-ಕಥೆ’ ಒಳಗೆ 64 ಕ್ಯಾರೆಕ್ಟರ್ ಆಗಿ ಕೂತಿರುತ್ತದೆ. ಹ್ಯಾಸ್_ಟರ್ಮ್ ನೀವು ಕೊಟ್ಟಿದ್ದನ್ನು ಹಾಗೇ ಇಟ್ಟು ಹೋಲಿಸುತ್ತದೆ, ಹೊಂದೋದು ಹೇಗೆ? ಹೆಸರನ್ನು, ಅಂದರೆ ‘ಸಣ್ಣ ಕಥೆ’ ಅಂತ ಡ್ಯಾಶ್ ಇಲ್ಲದೆ ಕೊಟ್ಟರೆ ಹೊಂದುತ್ತದೆ. ಆದರೆ ಯಾರಾದರೂ ಅಡ್ಮಿನ್‌ನಲ್ಲಿ ಅದನ್ನು ‘ಸಣ್ಣಕಥೆ’ ಅಂತ ಕೂಡಿಸಿ ಬರೆದರೆ ಕೋಡ್ ಸುಮ್ನೆ ಕೆಡುತ್ತದೆ, ಎರರ್ ಕೂಡ ಬರಲ್ಲ. ಸ್ಲಗ್ಗನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ, ಅದನ್ನೇ ಕೋಡ್‌ನಲ್ಲಿ ಬಳಸಿ. ಕನ್ನಡ ಸ್ಲಗ್ಗೇ ಬೇಕು ಅಂದರೆ ಅದನ್ನು ಅದೇ ಪರ್ಸೆಂಟ್ ರೂಪಕ್ಕೆ ತರುವ ಸ್ಯಾನಿಟೈಸ್_ಟೈಟಲ್ ಮೂಲಕ ಹಾಯಿಸಿ ಕೊಡಿ. ಸ್ಲಗ್‌ಗೆ ಮಿತಿ 200 ಕ್ಯಾರೆಕ್ಟರ್, ಉದ್ದ ಹೆಸರಾದರೆ ಬಾಲ ಕತ್ತರಿಸಿ ಹೋಗುತ್ತದೆ.

ಕಥೆಪೆಟ್ಟಿಗೆ
ಇಂಗ್ಲಿಷ್ ಸ್ಲಗ್ ಹಾಕಿದ ತಕ್ಷಣ ಬಂತು! ಇನ್ನೊಂದು ಡೌಟು. ಸಣ್ಣ ಕಥೆಯ ಕೆಳಗೆ ‘ಅನುವಾದಿತ ಕಥೆ’ ಅಂತ ಚೈಲ್ಡ್ ಟರ್ಮ್ ಇದೆ, ಅದಕ್ಕೆ ಮಾತ್ರ ಟಿಕ್ ಹಾಕಿದ ಪೋಸ್ಟಿಗೆ ಬಾಕ್ಸ್ ಬರ್ತಿಲ್ಲ.

ಲೂಪಿನೊಳಗೆ
ಬರಲ್ಲ, ಹ್ಯಾಸ್_ಟರ್ಮ್ ಪೇರೆಂಟ್ ತನಕ ಹತ್ತಿ ನೋಡುವುದಿಲ್ಲ. ಗೆಟ್_ಟರ್ಮ್_ಚಿಲ್ಡ್ರನ್‌ನಿಂದ ಮಕ್ಕಳ ಐಡಿಗಳನ್ನು ತೆಗೆದು, ಪೇರೆಂಟ್ ಐಡಿಯನ್ನೂ ಸೇರಿಸಿ, ಇಡೀ ಅರೇಯನ್ನೇ ಹ್ಯಾಸ್_ಟರ್ಮ್‌ಗೆ ಕೊಡಿ. ಯಾವುದಾದರೂ ಒಂದು ಸಿಕ್ಕಿದರೂ ಟ್ರೂ ಬರುತ್ತದೆ.

ಸೆಮಿಕೋಲನ್
ಇದಕ್ಕೆ ಡಬ್ಲ್ಯುಪಿ_ಗೆಟ್_ಪೋಸ್ಟ್_ಟರ್ಮ್ಸ್ ಹಾಕಿ ಅಂತ ಹೇಳೋರು ಜಾಸ್ತಿ. ಅದು ಪೋಸ್ಟಿನ ಟರ್ಮ್ ಕ್ಯಾಶ್ (ಮೊದಲೇ ತೆಗೆದಿಟ್ಟ ಪ್ರತಿ) ನೋಡದೆ ಡೇಟಾಬೇಸ್‌ಗೆ ಹೋಗುವಂಥದ್ದು. ಟರ್ಮ್‌ಗಳ ಪಟ್ಟಿ ಬೇಕಿದ್ದರೆ ಗೆಟ್_ದ_ಟರ್ಮ್ಸ್ ಸಾಕು, ಆದರೆ ಏನೂ ಇಲ್ಲದಿದ್ದರೆ ಅದು ಖಾಲಿ ಅರೇ ಅಲ್ಲ, ಫಾಲ್ಸ್ ಕೊಡುತ್ತದೆ, ನೇರವಾಗಿ ಫೋರೀಚ್‌ಗೆ ಹಾಕಬೇಡಿ.